ಡೆಟ್ರಾಯಿಟ್ ಮತ್ತು ಶಿಕಾಗೋದ ಹನ್ನೆರಡು ಇಂಚಿನ ರೆಕಾರ್ಡುಗಳನ್ನು ನೋಡಿ ಕೊಳ್ಳುವ ಬಗೆ

ಅಮೆರಿಕದ ಈ ಎರಡು ನಗರಗಳ ಹೌಸ್, ಟೆಕ್ನೋ ಮತ್ತು ಎಲೆಕ್ಟ್ರೋ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತ ಬೆಳೆದದ್ದು ಎಲ್‌ಪಿಗಳಲ್ಲಿ ಅಲ್ಲ, ಬದಿಗೆ ಒಂದೆರಡು ಹಾಡುಗಳಷ್ಟೇ ಇರುವ ಹನ್ನೆರಡು ಇಂಚಿನ ಸಿಂಗಲ್‌ಗಳಲ್ಲಿ. ಎಲ್‌ಪಿಯ ಒಂದೊಂದು ಬದಿಯಲ್ಲಿ ಇಪ್ಪತ್ತು ನಿಮಿಷಗಳನ್ನು ಹಿಡಿಸಬೇಕಾದಾಗ ಗೆರೆಗಳು ಒತ್ತಾಗುತ್ತವೆ. ಅದೇ ಅಗಲದ ತಟ್ಟೆಯಲ್ಲಿ ಆರೇಳು ನಿಮಿಷದ ಒಂದೇ ಹಾಡಿದ್ದರೆ ಗೆರೆಗಳ ನಡುವೆ ಜಾಗ ಉಳಿಯುವುದರಿಂದ, ಬಾಸ್ ಮತ್ತು ಕಿಕ್ ಡ್ರಮ್ಮಿನ ದೊಡ್ಡ ಅಲೆಗಳನ್ನು ಹೆಚ್ಚು ಜೋರಾಗಿ ಕೊರೆಯಬಹುದು. ಈ ರೆಕಾರ್ಡುಗಳನ್ನು ಸಂಗ್ರಹಿಸಲು ಹೊರಡುವವರು ಮೊದಲು ಮನಗಾಣಬೇಕಾದದ್ದು ಇದನ್ನೇ: ಇಲ್ಲಿ ಹಾಡಿನಷ್ಟೇ ಮುಖ್ಯವಾದದ್ದು ಅದನ್ನು ಕೊರೆದ ರೀತಿ, ಮತ್ತು ಅದರ ಗುರುತು ತಟ್ಟೆಯ ಮೇಲೆಯೇ ಇರುತ್ತದೆ.

ಬೆಲೆಪಟ್ಟಿಯನ್ನು ಹಿಡಿದು ಸಂಗ್ರಹ ಆರಂಭಿಸಬಾರದು. ಒಂದು ಎಳೆಯನ್ನು ಹಿಡಿಯಬೇಕು. ನಾನು ಎಲ್ಲರಿಗೂ ಹೇಳುವುದು ಡೆಟ್ರಾಯಿಟ್‌ನ ಎಲೆಕ್ಟ್ರೋ ಎಳೆಯನ್ನು. ಹ್ವಾನ್ ಆಟ್ಕಿನ್ಸ್ ಮತ್ತು ರಿಕ್ ಡೇವಿಸ್ ಸೈಬಾಟ್ರಾನ್ ಎಂಬ ಹೆಸರಿನಲ್ಲಿ 1981ರಲ್ಲಿ ಮೊದಲ ಸಿಂಗಲ್ ತಂದರು. 1983ರ ‘ಕ್ಲಿಯರ್’ ಅವರ ಹೆಚ್ಚು ಪ್ರಸಿದ್ಧ ಹಾಡು. ಆಟ್ಕಿನ್ಸ್ 1985ರಲ್ಲಿ ಮೆಟ್ರೋಪ್ಲೆಕ್ಸ್ ಎಂಬ ಲೇಬಲ್, ಅಂದರೆ ರೆಕಾರ್ಡ್ ಸಂಸ್ಥೆಯನ್ನು ಆರಂಭಿಸಿ, ಮಾಡೆಲ್ 500 ಹೆಸರಿನಲ್ಲಿ ‘ನೋ ಯುಎಫ್‌ಓಸ್’ ಅನ್ನು ಎಂ-001 ಎಂಬ ಸಂಖ್ಯೆಯೊಂದಿಗೆ ಹೊರತಂದರು. ಬೆಲ್‌ವಿಲ್‌ನಲ್ಲಿ ಅವರ ಜೊತೆ ಓದಿದ ಡೆರಿಕ್ ಮೇ 1986ರಲ್ಲಿ ಟ್ರಾನ್ಸ್‌ಮ್ಯಾಟ್ ಅನ್ನೂ, ಕೆವಿನ್ ಸಾಂಡರ್ಸನ್ 1987ರಲ್ಲಿ ಕೆಎಂಎಸ್ ಲೇಬಲ್ ಅನ್ನೂ ಸ್ಥಾಪಿಸಿದರು. 1992ರಲ್ಲಿ ಜೇಮ್ಸ್ ಸ್ಟಿನ್ಸನ್ ಮತ್ತು ಜೆರಾಲ್ಡ್ ಡೊನಾಲ್ಡ್ ಅವರ ಡ್ರೆಕ್ಸಿಯಾ ತಂಡ ಬರುವ ಹೊತ್ತಿಗೆ ಎಲೆಕ್ಟ್ರೋ ಮತ್ತು ಟೆಕ್ನೋ ಒಂದೇ ಊರಿನ, ಒಂದೇ ಬಳಗದ ಸಂಗೀತವೆಂಬುದು ಕಿವಿಗೇ ತಿಳಿಯುತ್ತದೆ. ಲೇಬಲ್‌ಗಳ ಸಂಖ್ಯೆಯ ಸಾಲನ್ನು ಹಿಡಿದು ಒಂದೊಂದಾಗಿ ಕೇಳುತ್ತ ಹೋದವರಿಗೆ, ಮುಂದೆ ಯಾವುದನ್ನು ಹುಡುಕಬೇಕೆಂದು ಬೇರೆಯವರು ಹೇಳಬೇಕಾಗಿಲ್ಲ.

ರೆಕಾರ್ಡ್ ಕೈಗೆ ಬಂದಾಗ ಲೇಬಲ್ಲಿನ ಕಾಗದಕ್ಕಿಂತ ಮೊದಲು ನೋಡಬೇಕಾದದ್ದು ರನ್-ಔಟ್, ಅಂದರೆ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ನುಣುಪಾದ ಪಟ್ಟಿ. ತಟ್ಟೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಅಲ್ಲಿ ಗೀಚಿದ ಅಥವಾ ಅಚ್ಚೊತ್ತಿದ ಅಕ್ಷರಗಳು ಕಾಣುತ್ತವೆ. ಇಂಜಿನಿಯರ್ ಮೊದಲು ಲ್ಯಾಕರ್ ತಟ್ಟೆಯ ಮೇಲೆ ಹಾಡನ್ನು ಕೊರೆದು, ಅದರ ಈ ಪಟ್ಟಿಯಲ್ಲಿಯೇ ಸಂಖ್ಯೆಯನ್ನೂ ತನ್ನ ಗುರುತನ್ನೂ ಗೀಚುತ್ತಾನೆ. ಆ ಲ್ಯಾಕರಿಗೆ ನಿಕ್ಕಲ್ ಲೇಪ ಕೊಟ್ಟು ಮಾಡಿದ ಸ್ಟ್ಯಾಂಪರ್ ಎಂಬ ಲೋಹದ ಅಚ್ಚಿನಿಂದ ಒತ್ತಿದ ಪ್ರತಿಯೊಂದು ರೆಕಾರ್ಡಿನಲ್ಲೂ ಆ ಬರಹ ಮೂಡುತ್ತದೆ. ಹೀಗಾಗಿ ಹೊಸದಾಗಿ ಕೊರೆದ ಮರುಮುದ್ರಣದಲ್ಲಿ ಬರಹ ಬೇರೆಯಾಗಿರುತ್ತದೆ. ಆದರೆ ಹಳೆಯ ಲೋಹದ ಅಚ್ಚುಗಳಿಂದಲೇ ವರ್ಷಗಳ ನಂತರ ಮತ್ತೆ ಒತ್ತಿದ್ದರೆ ಬರಹ ಹಾಗೆಯೇ ಉಳಿಯುವುದರಿಂದ, ರನ್-ಔಟ್ ಹೊಂದಿದ ಮಾತ್ರಕ್ಕೆ ಅದು ಮೊದಲ ಮುದ್ರಣವೆಂದು ತೀರ್ಮಾನಿಸುವಂತಿಲ್ಲ. ಲೇಬಲ್ಲಿನ ಬಣ್ಣ, ಅಕ್ಷರದ ರೂಪ ಮತ್ತು ಮುದ್ರಿತ ವಿಳಾಸವನ್ನೂ ತಾಳೆ ನೋಡಬೇಕು. ಇದಕ್ಕೆ 2000ದಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆಂದೇ ಆರಂಭವಾದ ಡಿಸ್ಕಾಗ್ಸ್ ಜಾಲತಾಣದ ಮಾಹಿತಿ ಸಂಗ್ರಹ ಬಹಳ ನೆರವಾಗುತ್ತದೆ. ಮಾರುವವರಿಂದ ರನ್-ಔಟ್‌ನ ಚಿತ್ರವನ್ನು ತರಿಸಿಕೊಳ್ಳದೆ ದುಬಾರಿ ರೆಕಾರ್ಡನ್ನು ಕೊಳ್ಳಬಾರದು.

ಡೆಟ್ರಾಯಿಟ್ ರೆಕಾರ್ಡುಗಳ ರನ್-ಔಟ್‌ನಲ್ಲಿ ಎನ್‌ಎಸ್‌ಸಿ ಎಂಬ ಅಕ್ಷರಗಳು ಕಂಡರೆ ಅದು ನ್ಯಾಷನಲ್ ಸೌಂಡ್ ಕಾರ್ಪೊರೇಷನ್‌ನ ರಾನ್ ಮರ್ಫಿ ಕೊರೆದದ್ದು. ಈ ಗುರುತು ಕಂಡಾಗಲೆಲ್ಲ ನನಗೆ ಗೌರವ ಮೂಡುತ್ತದೆ. 2008ರಲ್ಲಿ ತೀರಿಕೊಂಡ ಈ ಇಂಜಿನಿಯರ್ ಇಲ್ಲದಿದ್ದರೆ ಆ ಊರಿನ ಟೆಕ್ನೋ ಇಂದು ಕೇಳುವ ಹಾಗೆ ಕೇಳುತ್ತಿರಲಿಲ್ಲ. ಡೆಟ್ರಾಯಿಟ್‌ನ ಟೆಕ್ನೋ ಸಂಗೀತಗಾರ ಜೆಫ್ ಮಿಲ್ಸ್ 1994ರಲ್ಲಿ ತಂದ, ಮರ್ಫಿ ಕೊರೆದ ‘ಸೈಕಲ್ 30’ ರೆಕಾರ್ಡಿನಲ್ಲಿ ಸೂಜಿ ಒಳಗೆ ಸರಿಯದೆ ಒಂದೇ ವೃತ್ತದಲ್ಲಿ ಸುತ್ತುತ್ತಲೇ ಇರುವ ಮುಚ್ಚಿದ ಗೆರೆಗಳಿವೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು ಬೇಕು. ಅಷ್ಟರಲ್ಲಿ ನಾಲ್ಕು ಪೆಟ್ಟುಗಳು ಕೂಡಬೇಕಾದರೆ ಲಯ ನಿಮಿಷಕ್ಕೆ 133⅓ ಪೆಟ್ಟು ಆಗಲೇಬೇಕು. ಟೆಕ್ನೋದ ಸಹಜ ನಡಿಗೆಯೂ ಅದರ ಆಸುಪಾಸಿನಲ್ಲಿಯೇ ಇರುವುದರಿಂದ ಆ ವೃತ್ತ ಎಷ್ಟು ಸುತ್ತಿದರೂ ತಾಳ ತಪ್ಪುವುದಿಲ್ಲ. ಇಂಥ ರೆಕಾರ್ಡ್ ಕೊಳ್ಳುವಾಗ ಒಂದೊಂದು ವೃತ್ತವನ್ನೂ ಪ್ರತ್ಯೇಕವಾಗಿ ಕೇಳಬೇಕು, ಏಕೆಂದರೆ ಒಂದೇ ಒಂದು ಗೀರು ಅಲ್ಲಿ ಪ್ರತಿ 1.8 ಸೆಕೆಂಡಿಗೊಮ್ಮೆ ಟಕ್ಕೆನ್ನುತ್ತದೆ.

ಸ್ಥಿತಿಯನ್ನು ಅಳೆಯುವಾಗ ಇನ್ನೊಂದು ಸಂಗತಿ ನೆನಪಿರಬೇಕು. ಈ ರೆಕಾರ್ಡುಗಳು ಮನೆಯಲ್ಲಿ ಕೂತು ಕೇಳಿದವರ ಕೈಯಿಂದ ಬರುವುದಕ್ಕಿಂತ ಡಿಜೆಗಳ ಪೆಟ್ಟಿಗೆಯಿಂದ ಬರುವುದೇ ಹೆಚ್ಚು. ಹಾಡಿನ ಮೊದಲ ಪೆಟ್ಟನ್ನು ಹುಡುಕಿ ನಿಲ್ಲಿಸಲು ಡಿಜೆ ತಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವುದರಿಂದ ಆರಂಭದ ಕೆಲವು ಸುತ್ತುಗಳು ಮಾತ್ರ ಸವೆದು, ಹಾಡು ಕುದಿಯುವ ಎಣ್ಣೆಯಂಥ ಸದ್ದಿನೊಂದಿಗೆ ಶುರುವಾಗುತ್ತದೆ. ಇದನ್ನು ಕ್ಯೂ ಬರ್ನ್ ಎನ್ನುತ್ತಾರೆ. ಕಣ್ಣಿಗೆ ಇದು ಕಾಣುವುದೇ ಕಷ್ಟ. ವಿಜಿ ಪ್ಲಸ್, ಅಂದರೆ ಬಹಳ ಚೆನ್ನಾಗಿದೆ ಎಂಬುದಕ್ಕಿಂತಲೂ ಮೇಲು ಎಂದು ದರ್ಜೆ ಕೊಟ್ಟ ತಟ್ಟೆಯಲ್ಲೂ ಇರಬಹುದು. ಆದ್ದರಿಂದ ಮೊದಲ ಮೂವತ್ತು ಸೆಕೆಂಡುಗಳ ಧ್ವನಿಮುದ್ರಣವನ್ನು ಕೇಳಿ ಪಡೆಯಬೇಕು. ಲೇಬಲ್ಲಿನ ಮೇಲೆ ಪೆನ್ನಿನಲ್ಲಿ ಬರೆದ ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು) ಸಂಖ್ಯೆ ಬೆಲೆ ತಗ್ಗಿಸುತ್ತದೆಯೇ ಹೊರತು ಧ್ವನಿಯನ್ನಲ್ಲ. ಅದು ಆ ರೆಕಾರ್ಡ್ ದುಡಿದ ಗುರುತು, ನನಗೆ ಅದು ಪ್ರಿಯ.

ಶಿಕಾಗೋದ ವಿಷಯ ಬೇರೆ. 1987ರಲ್ಲಿ ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಟಿಎಕ್ಸ್142 ಸಂಖ್ಯೆಯಲ್ಲಿ ಬಂದದ್ದು ಟ್ರ್ಯಾಕ್ಸ್ ಲೇಬಲ್ಲಿನಿಂದ. ಬಾಸ್ ಗಿಟಾರಿಗೆ ಬದಲಿಯಾಗಲೆಂದು ರೋಲ್ಯಾಂಡ್ ಮಾಡಿದ, ಅಷ್ಟರಲ್ಲಾಗಲೇ ತಯಾರಿಕೆ ನಿಂತಿದ್ದ ಟಿಬಿ-303 ಯಂತ್ರ ಅಲ್ಲಿ ಆಸಿಡ್ ಹೌಸ್ ಎಂಬ ಹೊಸ ಸಂಗೀತವನ್ನೇ ಹುಟ್ಟಿಸಿತು. ಆದರೆ ಆ ಲೇಬಲ್ಲಿನ ಹಳೆಯ ಮುದ್ರಣಗಳು ಮರುಬಳಕೆಯ ವಿನೈಲಿನ ಚಿಟಿಪಿಟಿ ಸದ್ದಿಗೆ ಹೆಸರಾದವು. ಕೇಳುವುದಕ್ಕೆಂದು ಕೊಳ್ಳುವವರು ಇಲ್ಲಿ ಮೂಲ ಪ್ರತಿಗೆ ದೊಡ್ಡ ಹಣ ಕೊಡುವ ಬದಲು ಒಳ್ಳೆಯ ಮರುಮುದ್ರಣವನ್ನು ಆರಿಸುವುದೇ ಮೇಲೆಂಬುದು ನನ್ನ ಅಭಿಪ್ರಾಯ. ಆಗಲೂ ಹಾಡು ಮಾಡಿದವರಿಗೆ ಹಣ ಸೇರುತ್ತದೆಯೇ ಎಂದು ವಿಚಾರಿಸಬೇಕು: ಶಿಕಾಗೋ ಹೌಸ್‌ನ ಸಂಗೀತಗಾರರಾದ ಲ್ಯಾರಿ ಹರ್ಡ್ ಮತ್ತು ರಾಬರ್ಟ್ ಓವೆನ್ಸ್ ತಮ್ಮ ಹಾಡುಗಳ ಹಕ್ಕಿಗಾಗಿ ಟ್ರ್ಯಾಕ್ಸ್ ವಿರುದ್ಧ 2020ರಲ್ಲಿ ನ್ಯಾಯಾಲಯಕ್ಕೆ ಹೋಗಿ, 2022ರ ರಾಜಿಯಲ್ಲಿ ಅವುಗಳನ್ನು ಮರಳಿ ಪಡೆದರು. ಡ್ರೆಕ್ಸಿಯಾದ ಹಳೆಯ ಹಾಡುಗಳು ಬೇಕಾದವರಿಗೆ ರಾಟರ್‌ಡ್ಯಾಮ್‌ನ ಕ್ಲೋನ್ ಸಂಸ್ಥೆ 2011ರಿಂದ ನಾಲ್ಕು ಸಂಪುಟಗಳಲ್ಲಿ ತಂದ ಸಂಕಲನವಿದೆ. ಭಾರತದಲ್ಲಿ ಹಳೆಯ ರೆಕಾರ್ಡ್ ಅಂಗಡಿಗಳನ್ನು ಸುತ್ತುವವರು ಮುಂಬೈನ ಸಂಗೀತಗಾರ ಚರಣ್‌ಜಿತ್ ಸಿಂಗ್ ಅವರ 1982ರ ಎಲ್‌ಪಿಯ ಮೇಲೂ ಕಣ್ಣಿಟ್ಟಿರಬೇಕು; ಅದೇ ಟಿಬಿ-303 ಮತ್ತು ಡ್ರಮ್ ಸದ್ದಿನ ಟಿಆರ್-808 ಯಂತ್ರಗಳಲ್ಲಿ ಅವರು ಹತ್ತು ರಾಗಗಳನ್ನು ನುಡಿಸಿದ್ದಾರೆ. 2010ರಲ್ಲಿ ಅದರ ಮರುಮುದ್ರಣವೂ ಬಂತು.

ಮನೆಗೆ ತಂದ ರೆಕಾರ್ಡನ್ನು ನುಡಿಸುವ ಮೊದಲೇ ತೊಳೆಯಬೇಕು. ಬಟ್ಟಿ ಇಳಿಸಿದ ನೀರು, ಮೆತ್ತನೆಯ ಬ್ರಷ್, ಗೆರೆಯ ದಿಕ್ಕಿನಲ್ಲಿಯೇ ಕೈಯಾಡಿಸುವ ತಾಳ್ಮೆ ಇಷ್ಟಿದ್ದರೆ ಸಾಕು. ಲೇಬಲ್ಲಿಗೆ ನೀರು ತಾಗಬಾರದು. ವೇಗವನ್ನು ಲೇಬಲ್ಲಿನಲ್ಲಿ ನಮೂದಿಸದ ರೆಕಾರ್ಡುಗಳು ಈ ಪ್ರಕಾರಗಳಲ್ಲಿ ಕಡಿಮೆಯಿಲ್ಲವಾದ್ದರಿಂದ 33ರಲ್ಲೂ 45ರಲ್ಲೂ ಹಾಕಿ ನೋಡಬೇಕು. ಸೂಜಿಯ ಭಾರವನ್ನು ತಯಾರಕರು ಹೇಳಿದ ಗ್ರಾಮಿಗೆ ಸರಿಯಾಗಿ ಹೊಂದಿಸಬೇಕು. ಜೋರಾಗಿ ಕೊರೆದ ಬಾಸ್ ಗೆರೆಯಲ್ಲಿ ಭಾರ ಕಡಿಮೆಯಾದರೆ ಸೂಜಿ ಹಾರಿ ಗೆರೆಯ ಗೋಡೆಯನ್ನೇ ಕೆಡಿಸುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಒಳಚೀಲಕ್ಕೆ ಬೂಸು ಹಿಡಿಯುವುದರಿಂದ ಅದನ್ನು ತೆಗೆದು ಪಾಲಿಥೀನ್ ಒಳಚೀಲ ಹಾಕಿ, ತಟ್ಟೆಗಳನ್ನು ಓರೆಯಾಗಿ ಒರಗಿಸದೆ ನೆಟ್ಟಗೆ, ಗೋಡೆಗೆ ತಾಗದಂತೆ ನಿಲ್ಲಿಸಿಡಬೇಕು.