ಸೋರುವ ಮುಂದಿನ ಸ್ಟ್ರಟ್‌ಗಳನ್ನು ಮನೆಯಲ್ಲಿ ಬದಲಾಯಿಸುವ ಕ್ರಮ

ಸಣ್ಣ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿರುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಒಟ್ಟಾಗಿರುವ ಜೋಡಣೆ) ಮೇಲೆ ತುಸು ಜಿಡ್ಡು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಎಣ್ಣೆ ಕೊಳವೆಯುದ್ದಕ್ಕೂ ಇಳಿದು ಧೂಳು ಮೆತ್ತಿಕೊಂಡಿದ್ದು, ಗುಂಡಿ ದಾಟಿದ ಮೇಲೂ ಕಾರು ಕುಪ್ಪಳಿಸುತ್ತಲೇ ಇದ್ದರೆ ಒಳಗಿನ ಸೀಲ್ ಹಾಳಾಗಿದೆ ಎಂದೇ ತಿಳಿಯಬೇಕು. ಒಂದೇ ಬದಿ ಸೋರುತ್ತಿದ್ದರೂ ಎಡಬಲ ಎರಡನ್ನೂ ಬದಲಾಯಿಸುವುದು ಸರಿ.

ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆಕಲ್ಲು ಕೊಟ್ಟು, ಮುಂದಿನ ಚಕ್ರದ ನಟ್‌ಗಳನ್ನು ಸಡಿಲಿಸಿದ ನಂತರವೇ ಕಾರನ್ನು ಜ್ಯಾಕ್‌ನಿಂದ ಎತ್ತಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಚಕ್ರ ಕಳಚಿ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್‌ಗಳನ್ನು ಸ್ಟ್ರಟ್‌ನಿಂದ ಬಿಡಿಸಿ, ಕೆಳಗಿನ ಎರಡು ದೊಡ್ಡ ಬೋಲ್ಟ್‌ಗಳ ಸ್ಥಾನವನ್ನು ಗುರುತು ಮಾಡಿಕೊಂಡು ಬಿಚ್ಚಬೇಕು. ಹೋಸ್ ಜಗ್ಗದಂತೆ ನಕಲ್‌ (ಚಕ್ರದ ಹಬ್ ಹೊತ್ತಿರುವ, ಸ್ಟ್ರಟ್‌ನ ಕೆಳತುದಿಗೆ ಸೇರುವ ಲೋಹದ ಭಾಗ) ಅನ್ನು ತಂತಿಯಿಂದ ಕಟ್ಟಿಡಬೇಕು.

ನಿಜವಾದ ಅಪಾಯ ಇರುವುದು ಮೇಲ್ಭಾಗದಲ್ಲಿ. ಸ್ಟ್ರಟ್‌ನ ಮೇಲ್ತುದಿಯನ್ನು ಕಾರಿನ ದೇಹಕ್ಕೆ ಹಿಡಿದಿಡುವ ಮೌಂಟ್‌ನ ಸುತ್ತ ಸಣ್ಣ ನಟ್‌ಗಳಿರುವ ಕಾರುಗಳಲ್ಲಿ ಅವನ್ನಷ್ಟೇ ಬಿಚ್ಚಬೇಕು. ನಡುವಿನ ನಟ್ ಅದುಮಿದ ಸ್ಪ್ರಿಂಗನ್ನು ಹಿಡಿದಿಡುವುದರಿಂದ, ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವಾದ ಕಂಪ್ರೆಸರ್ ಹಾಕದೆ ಆ ನಟ್ ತೆಗೆದರೆ ಸ್ಪ್ರಿಂಗ್ ಸಿಡಿದು ಪ್ರಾಣಕ್ಕೇ ಕುತ್ತು ಬರಬಹುದು. ಉತ್ತಮ ಕಂಪ್ರೆಸರ್ ಇಲ್ಲದವರು ಕಳಚಿದ ಸ್ಟ್ರಟ್‌ ಅನ್ನು ಗ್ಯಾರೇಜಿಗೆ ಒಯ್ದು, ಹೊಸ ಸ್ಟ್ರಟ್‌ಗೆ ಸ್ಪ್ರಿಂಗ್ ಹಾಕಿಸಿಕೊಂಡು ಬರುವುದೇ ಜಾಣತನ; ಉಳಿತಾಯದ ಹೆಚ್ಚಿನ ಪಾಲು ಆಗಲೂ ನಿಮ್ಮದೇ. ಮೌಂಟ್‌ನ ಬೇರಿಂಗ್ ಕರಕರ ಎನ್ನುತ್ತಿದ್ದರೆ, ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ಮೆತ್ತೆ) ಮತ್ತು ರಬ್ಬರ್ ಬೂಟ್ ಹರಿದಿದ್ದರೆ ಅವನ್ನೂ ಆಗಲೇ ಬದಲಾಯಿಸಬೇಕು.

ಜೋಡಣೆ ಇದೇ ಕ್ರಮದ ಹಿಮ್ಮುಖ. ಬೋಲ್ಟ್‌ಗಳನ್ನು ಕಾರಿನ ಕೈಪಿಡಿ ಹೇಳುವಷ್ಟೇ ಬಿಗಿತಕ್ಕೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಗುರುತು ಎಷ್ಟೇ ಸರಿಯಾಗಿದ್ದರೂ ಕ್ಯಾಂಬರ್ ಕೋನ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಪ್ರಮಾಣ) ಸ್ವಲ್ಪ ಬದಲಾಗಿರುವ ಸಾಧ್ಯತೆಯಿರುವುದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆಯೇ ದೂರದ ಪ್ರಯಾಣಕ್ಕೆ ಹೊರಡಬೇಕು.