ಹೊಳೆ ದಂಡೆಯ ದಾರಿಗೆ ಜಾಗ ಹೊಂದಿಸುವುದು ಹೇಗೆ?

ಹೊಳೆ ಪಕ್ಕದಲ್ಲಿ ನಡೆಯಲು, ಸೈಕಲ್ ತುಳಿಯಲು ದಾರಿ ಮಾಡಬೇಕೆಂದರೆ ಜಲ್ಲಿ ಹಾಸುವ ಕೆಲಸ ಬರುವುದು ಕೊನೆಗೆ. ಮೊದಲು ಜಾಗ ಬೇಕು. ದಂಡೆಯ ಜಮೀನು ಹಲವರ ಕೈಯಲ್ಲಿರುತ್ತದೆ. ನಡುವೆ ಒಬ್ಬರು ಒಲ್ಲೆ ಎಂದರೂ ದಾರಿ ಅಲ್ಲಿಗೇ ತುಂಡಾಗುತ್ತದೆ. ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳು ಈ ಕೆಲಸ ಮಾಡುವ ಕ್ರಮ ಹೀಗಿದೆ.

ಜಮೀನು ಯಾರದು?

ಮಾಲೀಕರ ಹೆಸರು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಸಿಗುತ್ತದೆ. ಆದರೆ ತಲೆಮಾರುಗಳಿಂದ ಒಂದೇ ಮನೆತನದಲ್ಲಿರುವ ಜಮೀನು ನೋಂದಣಿಯೇ ಆಗಿರದೆ ಇರಬಹುದು. ಆಗ ಊರಿನಲ್ಲೇ ವಿಚಾರಿಸಬೇಕು. ಉಳುವ ಗೇಣಿದಾರರನ್ನು ಬಿಟ್ಟು ಬರೀ ಮಾಲೀಕರ ಜೊತೆ ಮಾತಾಡಿದರೆ ಮುಂದೆ ತಕರಾರು ಖಂಡಿತ. ಉಬ್ಬರವಿಳಿತವಿಲ್ಲದ ಹೊಳೆಯಲ್ಲಿ ದಂಡೆಯ ಮಾಲೀಕರ ಹಕ್ಕು ಸಾಮಾನ್ಯವಾಗಿ ಹೊಳೆಯ ನಡುಗೆರೆಯವರೆಗೂ ಇರುತ್ತದೆ. ಹಾಗಾಗಿ ಸೇತುವೆ ಕಟ್ಟುವುದಾದರೆ ಎದುರು ದಂಡೆಯವರನ್ನೂ ಕೇಳಬೇಕು.

ಯಾವ ಹಕ್ಕು ಕೇಳಬೇಕು?

ಜನ ಎಡವುವುದು ಇಲ್ಲೇ. ದಂಡೆಯಲ್ಲಿ ಆಗಲೇ ಸಾರ್ವಜನಿಕ ಕಾಲುದಾರಿ ಇದೆ, ಸೈಕಲ್‌ಗೂ ಆಗುತ್ತದೆ ಅಲ್ವಾ ಎಂದುಕೊಳ್ಳುತ್ತಾರೆ. ಆಗುವುದಿಲ್ಲ. ಅಂಥ ಕಾಲುದಾರಿಯಲ್ಲಿ ಇರುವುದು ನಡೆಯುವ ಹಕ್ಕು ಮಾತ್ರ. ಕುದುರೆಗೂ ಹಕ್ಕಿರುವ ದಾರಿಗೆ ಅಲ್ಲಿ ಬ್ರಿಡಲ್‌ವೇ ಎನ್ನುತ್ತಾರೆ. 1968ರ ಕಂಟ್ರಿಸೈಡ್ ಆಕ್ಟ್ ಬಂದಮೇಲೆ ಅದರ ಮೇಲೆ ಸೈಕಲ್ ತುಳಿಯಬಹುದು, ಆದರೆ ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು. ಕಾಲುದಾರಿಯನ್ನು ಸೈಕಲ್ ದಾರಿ ಮಾಡಲು 1984ರ ಸೈಕಲ್ ಟ್ರ್ಯಾಕ್ಸ್ ಆಕ್ಟ್ ಇದೆ. ದಾರಿ ಹೊಲ ದಾಟುವುದಾದರೆ ಆ ಹೊಲದಲ್ಲಿ ಹಕ್ಕಿರುವವರು ಒಪ್ಪಲೇಬೇಕು.

ಇನ್ನೊಂದು ಸುಲಭದ ದಾರಿಯೂ ಇದೆ. ಮಾಲೀಕರು ಹಕ್ಕು ಕೊಡದೆ ಸುಮ್ನೆ ಅನುಮತಿ ಕೊಡುವುದು. ಕಾಗದಪತ್ರ ಕಡಿಮೆ, ಬೇಗ ಮುಗಿಯುತ್ತದೆ. ಆದರೆ ಅವಧಿ ಮುಗಿದ ದಿನ ಗೇಟು ಮುಚ್ಚಬಹುದು. ಜನರ ದುಡ್ಡಿನಲ್ಲಿ ದಾರಿ ಕಟ್ಟಿ, ಅದರ ಬೀಗದ ಕೈಯನ್ನು ಬೇರೆಯವರ ಹತ್ತಿರ ಬಿಡುವುದು ಜಾಣತನವಲ್ಲ. ಬೇರೇನೂ ಗಿಟ್ಟದಿದ್ದಾಗ ಮಾತ್ರ ಇದು ಸರಿ.

ಮಾತುಕತೆ

ಪತ್ರ ಕಳಿಸಿ ಉತ್ತರಕ್ಕೆ ಕಾಯುವುದಕ್ಕಿಂತ ಹೊಲಕ್ಕೇ ಹೋಗಿ ಮಾಲೀಕರ ಜೊತೆ ದಂಡೆಯುದ್ದಕ್ಕೂ ನಡೆಯಬೇಕು. ಅವರ ಚಿಂತೆ ಹೆಚ್ಚಾಗಿ ದುಡ್ಡಿನದಲ್ಲ. ದನಗಳು ನೀರಿಗೆ ಇಳಿಯುವುದು ಎಲ್ಲಿ? ಗೇಟು ತೆರೆದಿಟ್ಟು ಹೋದವರನ್ನು ಕೇಳುವವರು ಯಾರು? ಬಿಟ್ಟ ನಾಯಿ ಕುರಿಯನ್ನು ಅಟ್ಟಿದರೆ? ಯಾರಾದರೂ ಬಿದ್ದರೆ ಕೇಸು ನಮ್ಮ ಮೇಲಾ? ಇವಕ್ಕೆಲ್ಲ ಉತ್ತರ ಕರಾರಿನಲ್ಲೇ ಬರಬೇಕು. ಬೇಲಿ, ತಾನಾಗಿ ಮುಚ್ಚುವ ಗೇಟು, ದನಗಳಿಗೆ ಬೇರೆ ಕಡೆ ನೀರಿನ ತೊಟ್ಟಿ ಕೌನ್ಸಿಲ್ ಖರ್ಚಿನಲ್ಲಿ ಎಂದು ಬರೆದುಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ದಾರಿಯ ಅಗಲವನ್ನೂ ಮೊದಲೇ ಹೇಳಿಬಿಡಿ. ಸರ್ಕಾರದ 2020ರ ಸೈಕಲ್ ಮಾರ್ಗಸೂಚಿ ನಡೆಯುವವರೂ ಸೈಕಲಿಗರೂ ಸೇರಿ ಬಳಸುವ ದಾರಿಗೆ ಸಾಮಾನ್ಯವಾಗಿ ಕನಿಷ್ಠ 3 ಮೀಟರ್ ಕೇಳುತ್ತದೆ. ಆಮೇಲೆ ಹೇಳಿದರೆ ಮೋಸ ಮಾಡಿದಂತೆ ಕಾಣುತ್ತದೆ.

ಒಪ್ಪಿದರೆ, ಒಪ್ಪದಿದ್ದರೆ

ಒಪ್ಪಿದರೆ 1980ರ ಹೈವೇಸ್ ಆಕ್ಟ್‌ನ 25ನೇ ಸೆಕ್ಷನ್ ಪ್ರಕಾರ ಕರಾರು. ಜಮೀನು ಮಾಲೀಕರದೇ ಆಗಿರುತ್ತದೆ, ಓಡಾಡುವ ಹಕ್ಕು ಜನರಿಗೆ ಸಿಗುತ್ತದೆ. ಒಪ್ಪದಿದ್ದರೆ 26ನೇ ಸೆಕ್ಷನ್ ಆದೇಶ. ದಾರಿ ಯಾಕೆ ಬೇಕು, ಮಾಲೀಕರಿಗೆ ಎಷ್ಟು ತೊಂದರೆ ಎಂಬುದನ್ನು ಕೌನ್ಸಿಲ್ ತೂಗಿ ನೋಡಬೇಕು. ಯಾರಾದರೂ ಆಕ್ಷೇಪಿಸಿ ಹಿಂತೆಗೆಯದಿದ್ದರೆ ತೀರ್ಮಾನ ಕೌನ್ಸಿಲ್ ಕೈಯಲ್ಲಿ ಉಳಿಯುವುದಿಲ್ಲ. ಆದೇಶ ಜಾರಿಯಾದರೆ ಮಾಲೀಕರು ಪರಿಹಾರ ಕೇಳಬಹುದು. ಜಮೀನನ್ನೇ ಬಲವಂತವಾಗಿ ಕೊಳ್ಳುವ ಅಧಿಕಾರವೂ ಇದೆ. ಅದು ಕೊನೆಯ ಅಸ್ತ್ರ, ಜೊತೆಗೆ ವರ್ಷಗಟ್ಟಲೆ ಎಳೆಯುತ್ತದೆ.

ಹೊಳೆಯ ಲೆಕ್ಕ

ದಾರಿಯ ಗೆರೆ ಎಳೆಯುವಾಗ ಅಂಚಿನಿಂದ ಸ್ವಲ್ಪ ಒಳಗೆ ಸರಿಯಿರಿ. ನೀರು ದಂಡೆ ಕೊರೆದುಕೊಂಡು ಹೋದರೆ ಓಡಾಡುವ ಹಕ್ಕು ತಾನಾಗಿ ಪಕ್ಕದ ಹೊಲಕ್ಕೆ ಜರುಗುವುದಿಲ್ಲ. ಮತ್ತೆ ಮೊದಲಿನಿಂದ ಮಾತುಕತೆ. ದೊಡ್ಡ ಹೊಳೆಯಿಂದ 8 ಮೀಟರ್, ಉಬ್ಬರವಿಳಿತ ಇರುವ ಕಡೆ 16 ಮೀಟರ್ ಒಳಗಿನ ಕೆಲಸಕ್ಕೆ ಸಾಮಾನ್ಯವಾಗಿ ಎನ್ವಿರಾನ್‌ಮೆಂಟ್ ಏಜೆನ್ಸಿಯ ಪರ್ಮಿಟ್ ಬೇಕು. ಎಲ್ಲ ತುಂಡುಗಳ ಕಾಗದಕ್ಕೂ ಸಹಿ ಬೀಳುವ ತನಕ ಗುತ್ತಿಗೆದಾರರನ್ನು ಕರೆಯಬೇಡಿ. ಮುಕ್ಕಾಲು ದಾರಿ ಕಟ್ಟಿದ ಕೌನ್ಸಿಲ್‌ಗೆ ಉಳಿದ ಮಾಲೀಕರು ಹೇಳಿದ್ದೇ ರೇಟು.