ಜೀನ್ ಅಳೆಯುವ ಮೊದಲು ಮೊಟ್ಟೆ ನೋಡಬೇಕು

ಕೆರೆಯಲ್ಲಿ ಬೆಳೆದ ರೋಹು ಮೀನಿನ ಹೊಟ್ಟೆ ತುಂಬಾ ಮೊಟ್ಟೆ ಇರುತ್ತದೆ. ಆದರೆ ನಿಂತ ನೀರಿನಲ್ಲಿ ಅದು ಮೊಟ್ಟೆ ಇಡುವುದಿಲ್ಲ. ಮಳೆಗಾಲದ ಹೊಳೆನೀರು ಬೇಕು, ಇಲ್ಲವೇ ಇಂಜೆಕ್ಷನ್ ಬೇಕು. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಈಗ ಹ್ಯಾಚರಿಗಳಲ್ಲಿ ಓವಾಪ್ರಿಮ್ ಎಂಬ ಇಂಜೆಕ್ಷನ್ ಬಳಸುತ್ತಾರೆ. ಅದರಲ್ಲಿ ಇರುವುದು ಸಾಲ್ಮನ್ ಮೀನಿನ ಹಾರ್ಮೋನಿನಂಥದೇ ಒಂದು ಪದಾರ್ಥ ಮತ್ತು ಡೊಂಪೆರಿಡೋನ್. ನಾವು ವಾಂತಿಗೆ ತೆಗೆದುಕೊಳ್ತೀವಲ್ಲ, ಅದೇ ಡೊಂಪೆರಿಡೋನ್. ಗೆಂಡೆ ಮೀನಿನ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕವು, ಮೊಟ್ಟೆ ಪಕ್ವವಾಗಲು ಬೇಕಾದ ಎಲ್‌ಎಚ್ ಹಾರ್ಮೋನು ಹೊರಬರದಂತೆ ತಡೆಯುತ್ತದೆ. ಡೊಂಪೆರಿಡೋನ್ ಆ ತಡೆ ತೆಗೆಯುತ್ತದೆ.

ಮೊಟ್ಟೆ ಬಲಿಯುವ ತಿಂಗಳುಗಳಲ್ಲಿ ಮತ್ತು ಇಂಜೆಕ್ಷನ್ ಆದ ಮೇಲಿನ ಗಂಟೆಗಳಲ್ಲಿ ಅಂಡಾಶಯದ ಯಾವ ಜೀನ್ ಕೆಲಸ ಮಾಡುತ್ತದೆ, ಯಾವುದು ನಿಲ್ಲುತ್ತದೆ ಅಂತ ನೋಡುವುದು ನನ್ನ ಕೆಲಸ. ಈ ವಿಷಯಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ನಾನು ಮಾಡುವ ರೀತಿಯನ್ನೇ ಬರೆಯುತ್ತಿದ್ದೇನೆ.

ಮೊದಲು ಮೊಟ್ಟೆ. ತಾಯಿ ಮೀನನ್ನು ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮಂಪರು ಬರಿಸಿ, ಸಣ್ಣ ನಳಿಕೆಯಿಂದ ಕೆಲವು ಮೊಟ್ಟೆ ಹೊರಗೆಳೆಯುತ್ತೇನೆ. ಆರು ಪಾಲು ಆಲ್ಕೋಹಾಲ್, ಮೂರು ಪಾಲು ಫಾರ್ಮಲಿನ್, ಒಂದು ಪಾಲು ಅಸಿಟಿಕ್ ಆಮ್ಲದ ದ್ರಾವಣಕ್ಕೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಮೊಟ್ಟೆ ತಿಳಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಳಗಿನ ಕೋಶಕೇಂದ್ರ ಕಾಣುತ್ತದೆ. ಅದು ನಟ್ಟನಡುವೆ ಇದ್ದರೆ ಮೀನು ಇನ್ನೂ ಸಿದ್ಧವಿಲ್ಲ. ಒಂದು ಅಂಚಿಗೆ ಸರಿದಿದ್ದರೆ ಇಂಜೆಕ್ಷನ್ ಫಲಿಸುತ್ತದೆ. ಹ್ಯಾಚರಿಯ ಹಿರಿಯ ಕೆಲಸಗಾರರೊಬ್ಬರು ಹೊಟ್ಟೆಯ ಮೇಲೆ ಕೈಯಾಡಿಸಿಯೇ, "ಇದು ಇನ್ನೂ ರೆಡಿ ಇಲ್ಲ ಮೇಡಂ" ಅನ್ನುತ್ತಾರೆ. ಎಷ್ಟೋ ಸಲ ನಾನು ಗಾಜಿನ ಮೇಲೆ ನೋಡುವುದೂ ಅವರು ಹೇಳಿದ್ದನ್ನೇ. ಅವರ ಮಾತನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.

ಅಂಡಾಶಯದ ತುಂಡು ಬೇಕಾದಾಗ ಮೀನನ್ನು ಬಲಿ ಕೊಡಲೇಬೇಕು. ಹಾಗಾಗಿ ಒಂದೇ ಮೀನಿನಿಂದ ಆದಷ್ಟೂ ಜಾಸ್ತಿ ತಿಳಿಯಬೇಕು. ಒಂದು ತುಂಡು ಸೂಕ್ಷ್ಮದರ್ಶಕದಲ್ಲಿ ನೋಡಲು ಕೆಡದಂತೆ ಇಡುವ ಬುವಾನ್ ದ್ರಾವಣಕ್ಕೆ, ಪಕ್ಕದ ತುಂಡು ದ್ರವ ಸಾರಜನಕಕ್ಕೆ, ಜೊತೆಗೆ ಒಂದಿಷ್ಟು ಯಕೃತ್ತು. ಯಕೃತ್ತು ಯಾಕೆ ಅಂದರೆ, ಮೊಟ್ಟೆಯ ಹಳದಿ ತಯಾರಾಗುವ ವಿಟೆಲ್ಲೊಜೆನಿನ್ ಎಂಬ ಪ್ರೋಟೀನ್ ಹುಟ್ಟುವುದು ಮುಖ್ಯವಾಗಿ ಅಲ್ಲಿ. ಅಂಡಾಶಯದ ಈಸ್ಟ್ರಡಯಾಲ್ ಹಾರ್ಮೋನು ರಕ್ತದಲ್ಲಿ ಹರಿದು ಯಕೃತ್ತಿನ ಆ ಜೀನನ್ನು ಎಬ್ಬಿಸುತ್ತದೆ.

ಜೀನ್ ಕೆಲಸ ಮಾಡುತ್ತಿದೆಯೇ ಅಂತ ತಿಳಿಯಲು ಅದರ ನಕಲಾದ ಆರ್‌ಎನ್‌ಎ ಅಳೆಯಬೇಕು. ಬಲಿತ ಅಂಡಾಶಯದಿಂದ ಆರ್‌ಎನ್‌ಎ ತೆಗೆಯುವುದು ತ್ರಾಸಿನ ಕೆಲಸ. ತುಂಬಾ ಕೊಬ್ಬು, ತುಂಬಾ ಹಳದಿ. ಆರ್‌ಎನ್‌ಎ ಬಿಡಿಸುವ ಟ್ರೈಝಾಲ್ ದ್ರಾವಣದ ಒಂದು ಮಿ.ಲೀ.ಗೆ 50 ಮಿ.ಗ್ರಾಂ.ಗಿಂತ ಹೆಚ್ಚು ಅಂಗಾಂಶ ನಾನು ಹಾಕುವುದಿಲ್ಲ. ಕ್ಲೋರೋಫಾರ್ಮ್ ಹಾಕುವ ಮೊದಲೇ ಒಮ್ಮೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ತೇಲುವ ಕೊಬ್ಬಿನ ಪದರ ತೆಗೆದುಬಿಡುತ್ತೇನೆ.

ಎಳೆಯ ಅಂಡಾಶಯದ ಕಥೆ ಬೇರೆ. ಅಲ್ಲಿಂದ ತೆಗೆದ ಆರ್‌ಎನ್‌ಎಯನ್ನು ಗಾತ್ರದ ಪ್ರಕಾರ ಬೇರೆಯಾಗಲು ಜೆಲ್‌ನಲ್ಲಿ ಓಡಿಸಿದರೆ, ರೈಬೋಸೋಮ್‌ನ (ಕೋಶದಲ್ಲಿ ಪ್ರೋಟೀನ್ ತಯಾರಿಸುವ ಕಣ) ದೊಡ್ಡ ಆರ್‌ಎನ್‌ಎಗಳಾದ 28ಎಸ್, 18ಎಸ್ ಪಟ್ಟಿಗಳು ಮಸುಕಾಗಿ ಕಾಣುತ್ತವೆ. ಕೆಳಗೆ ಮಾತ್ರ ಒಂದು ದಪ್ಪ ಪಟ್ಟಿ. ನೋಡಿದ ಯಾರಿಗಾದರೂ ಆರ್‌ಎನ್‌ಎ ಹಾಳಾಗಿದೆ ಅನಿಸುತ್ತದೆ. ಯಂತ್ರವೂ ಗುಣಮಟ್ಟಕ್ಕೆ ಕಡಿಮೆ ಅಂಕ ಕೊಡುತ್ತದೆ. ನಿಜದಲ್ಲಿ ಅದು ಹಾಳಾಗಿರಬೇಕೆಂದೇನೂ ಇಲ್ಲ. ಮನೆ ಕಟ್ಟುವ ಮೊದಲೇ ಜಲ್ಲಿ ತಂದು ಸುರಿದ ಹಾಗೆ, ಎಳೆಯ ಮೊಟ್ಟೆ ಮುಂದಿನ ರೈಬೋಸೋಮ್‌ಗಳಿಗಾಗಿ 5ಎಸ್ ಎಂಬ ಪುಟ್ಟ ಆರ್‌ಎನ್‌ಎಯನ್ನು ಕೂಡಿಟ್ಟುಕೊಂಡಿರುತ್ತದೆ. ಆ ದಪ್ಪ ಪಟ್ಟಿ ಅದರದ್ದು. ಅದೇ ಮೀನಿನ ಯಕೃತ್ತಿನ ಆರ್‌ಎನ್‌ಎಯನ್ನು ಪಕ್ಕದಲ್ಲೇ ಓಡಿಸಿ. ಅದು ಚೊಕ್ಕವಾಗಿ ಬಂದರೆ ನಿಮ್ಮ ಕೈಕೆಲಸ ಸರಿ ಇದೆ ಅಂತ ಅರ್ಥ. ಈ ಒಂದು ಸಂಗತಿ ಗೊತ್ತಿಲ್ಲದೆ ಒಳ್ಳೆಯ ಮಾದರಿಗಳನ್ನು ಎಸೆಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕಾಗಿ ಒಂದು ಜೀವ ಹೋಗಿದೆ, ಅಲ್ವಾ?

ಇದರಿಂದಲೇ ಇನ್ನೊಂದು ಮಾತು. ಅಂಡಾಶಯದಲ್ಲಿ 18ಎಸ್ ಅನ್ನು ಹೋಲಿಕೆಯ ಜೀನ್ (ತಾನು ಬದಲಾಗದೆ, ಬೇರೆ ಜೀನ್‌ಗಳನ್ನು ಅಳೆಯಲು ಆಧಾರವಾಗುವ ಜೀನ್) ಆಗಿ ಇಟ್ಟುಕೊಳ್ಳಬೇಡಿ. ಮೊಟ್ಟೆ ಬೆಳೆದಂತೆ ಅದೇ ಬದಲಾಗುತ್ತದೆ. ಇದೇ ಕೆಲಸಕ್ಕೆ ಬಳಸುವ ಬೀಟಾ ಆಕ್ಟಿನ್ ಜೀನ್ ಮೇಲೂ ಸುಮ್ನೆ ನಂಬಿಕೆ ಇಡಬೇಡಿ. ಎರಡು ಮೂರು ಜೀನ್‌ಗಳನ್ನು ನಿಮ್ಮದೇ ಮಾದರಿಗಳಲ್ಲಿ ಪರೀಕ್ಷಿಸಿ, ಅಲುಗಾಡದವನ್ನು ಆರಿಸಿ.

ನಾನು ಹೆಚ್ಚಾಗಿ ಅಳೆಯುವುದು ಅರೋಮಟೇಸ್. ಈಸ್ಟ್ರಡಯಾಲ್ ತಯಾರಿಸುವ ಕಿಣ್ವ ಅದು. ಮೀನಿನಲ್ಲಿ ಅದಕ್ಕೆ ಎರಡು ಜೀನ್: ಒಂದು ಮುಖ್ಯವಾಗಿ ಅಂಡಾಶಯದ್ದು, ಇನ್ನೊಂದು ಮಿದುಳಿನದ್ದು. ಅಳೆಯಬೇಕಾದ ಜೀನಿಗೆ ಅಂಟುವ ಸಣ್ಣ ಡಿಎನ್‌ಎ ತುಂಡು, ಅಂದರೆ ಪ್ರೈಮರ್, ಎರಡಕ್ಕೂ ಅಂಟಿದರೆ ಲೆಕ್ಕವೆಲ್ಲ ಕೆಡುತ್ತದೆ. ಹಳದಿ ತುಂಬುವಾಗ ಅಂಡಾಶಯದ ಅರೋಮಟೇಸ್ ಏರುತ್ತದೆ. ಮೊಟ್ಟೆ ಕೊನೆಯ ಹಂತಕ್ಕೆ ಬಂದಾಗ ಇಳಿಯುತ್ತದೆ. ಆಗ ಕೋಶಗಳು ಈಸ್ಟ್ರಡಯಾಲ್ ಬಿಟ್ಟು, ಮೊಟ್ಟೆಯನ್ನು ಪಕ್ವ ಮಾಡುವ ಬೇರೆ ಸ್ಟೀರಾಯ್ಡ್ ಕಡೆ ಹೊರಳುತ್ತವೆ.

ಆದರೆ ಈ ಇಳಿಕೆಯನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಅರೋಮಟೇಸ್ ಇರುವುದು ಮೊಟ್ಟೆಯನ್ನು ಸುತ್ತಿದ ತೆಳು ಪೊರೆಯ ಕೋಶಗಳಲ್ಲಿ. ಮೊಟ್ಟೆ ಉಬ್ಬಿದಂತೆ ತುಂಡಿನಲ್ಲಿ ಆ ಪೊರೆಯ ಪಾಲೇ ಕಡಿಮೆಯಾಗುತ್ತದೆ. ಜೀನ್ ಸುಮ್ಮನಾಗದೆಯೂ ಅಂಕಿ ಇಳಿಯಬಹುದು. ಅದಕ್ಕೇ ಈಗ ತುಂಡನ್ನು ಇಡಿಯಾಗಿ ಅರೆಯುವುದನ್ನು ಬಿಟ್ಟಿದ್ದೇನೆ. ಐಸ್ ಮೇಲೆ ತಟ್ಟೆ ಇಟ್ಟು, ಚಿಮಟದಿಂದ ಮೊಟ್ಟೆಗಳನ್ನು ಗಾತ್ರದ ಪ್ರಕಾರ ಬಿಡಿಸಿ, ಎಣಿಸಿ, ಬೇರೆ ಬೇರೆ ಟ್ಯೂಬಿಗೆ ಹಾಕುತ್ತೇನೆ. ನಿಧಾನದ ಕೆಲಸ, ಕತ್ತು ನೋಯುತ್ತದೆ. ಆದರೆ ಆಮೇಲೆ ಬರುವ ಅಂಕಿ ಯಾವ ಹಂತದ ಮೊಟ್ಟೆಯದ್ದು ಅಂತ ಖಚಿತವಾಗಿ ಹೇಳಬಹುದು. ಟ್ಯೂಬಿನ ಮೇಲೆ ತಾರೀಖಿನ ಜೊತೆ ಮೊಟ್ಟೆಯ ವ್ಯಾಸ, ಕೋಶಕೇಂದ್ರ ಎಲ್ಲಿತ್ತು, ಇಂಜೆಕ್ಷನ್ ಆಗಿ ಎಷ್ಟು ಗಂಟೆ ಆಗಿತ್ತು, ಇಷ್ಟನ್ನೂ ಬರೆದ ಮೇಲೆಯೇ ಅದು ಫ್ರೀಜರಿಗೆ ಹೋಗುತ್ತದೆ.